ತಿರುಗಾಟದ ದಾರಿಯೂ ರಾಜ್ಯದ ಗಡಿಯೂ: ರಾಯದುರ್ಗ–ಮಡಕಶಿರ ಸೀಮೆಯ ಹಾಡುಗಾರರು

ಜನಪದ ಕಲಾವಿದರನ್ನು ಕುರಿತ ದಾಖಲೆಗಳು ಸಾಮಾನ್ಯವಾಗಿ ಅವರ ಹುಟ್ಟೂರಿನಿಂದ ಆರಂಭವಾಗುತ್ತವೆ. ಒಂದೆಡೆ ನೆಲೆನಿಂತ ಕಲಾವಿದರ ಮಟ್ಟಿಗೆ ಈ ಕ್ರಮ ಸರಿಯಾದದ್ದೇ. ವರ್ಷದ ಬಹುಭಾಗವನ್ನು ದಾರಿಯಲ್ಲಿ ಕಳೆಯುವ ಅಲೆಮಾರಿ ಹಾಡುಗಾರರ ವಿಷಯದಲ್ಲಿ ಮಾತ್ರ ಹುಟ್ಟೂರು ತಿಳಿಸುವುದು ಅಲ್ಪ. ಯಾವ ಊರಿನಲ್ಲಿ ಎಷ್ಟು ರಾತ್ರಿ ತಂಗಬೇಕು, ಯಾವ ಕಥೆಯನ್ನು ಎತ್ತಿಕೊಳ್ಳಬೇಕು, ಅದನ್ನು ಯಾವ ಭಾಷೆಯಲ್ಲಿ ಹಾಡಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ತಿರುಗಾಟದ ದಾರಿ. ಕನ್ನಡ ಮತ್ತು ತೆಲುಗು ಒಂದರೊಳಗೊಂದು ಹೆಣೆದುಕೊಂಡಿರುವ ರಾಯದುರ್ಗ ಮತ್ತು ಮಡಕಶಿರ ಸೀಮೆಗಳಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣಿಸುತ್ತದೆ.

ಈ ಎರಡು ಸೀಮೆಗಳ ಆಡಳಿತ ಚರಿತ್ರೆ ಒಂದೇ ಅಲ್ಲ. ರಾಯದುರ್ಗ ಹಿಂದಿನ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆ ಜಿಲ್ಲೆಯ ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರು ರಾಜ್ಯಕ್ಕೆ ಬಂದವು. ಮೊದಲೆರಡು ಕರ್ನೂಲಿಗೆ ಹೋದರೆ ರಾಯದುರ್ಗ ಅನಂತಪುರ ಜಿಲ್ಲೆಯ ಭಾಗವಾಯಿತು. ಮಡಕಶಿರವಾದರೋ ಮೊದಲಿನಿಂದಲೂ ಅನಂತಪುರಕ್ಕೇ ಸೇರಿದ್ದು, 2022ರ ಏಪ್ರಿಲ್‌ನಲ್ಲಿ ಹೊಸದಾಗಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಇವೆರಡರ ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ಆಂಧ್ರದ ನೆಲದೊಳಕ್ಕೆ ಚಾಚಿಕೊಂಡಿದೆ. ಬಳ್ಳಾರಿಯಿಂದ ರಾಯದುರ್ಗಕ್ಕೆ ಇರುವ ದಾರಿ ಸುಮಾರು 50 ಕಿಲೋಮೀಟರು. ಕಾಲ್ನಡಿಗೆಯಲ್ಲಿ ಊರಿಂದೂರಿಗೆ ಸಾಗುವ ಹಾಡುಗಾರರಿಗೆ ಇದು ಕೆಲವು ದಿನಗಳ ಪಯಣ. ನಡುವೆ ಬಂದ ರಾಜ್ಯದ ಗಡಿ ಅವರ ಪಾಲಿಗೆ ಬಹುಕಾಲ ಒಂದು ಊರಿನ ಎಲ್ಲೆಗಿಂತ ಹೆಚ್ಚಿನದಾಗಿರಲಿಲ್ಲ.

ಹಳೆಯ ತಿರುಗಾಟಕ್ಕೆ ಬೆಳೆಯೇ ಪಂಚಾಂಗ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಈ ಒಣನಾಡಿನಲ್ಲಿ ಮುಂಗಾರಿನಲ್ಲಿ ಬಿತ್ತಿದ ಶೇಂಗಾ ದೀಪಾವಳಿಯ ಆಸುಪಾಸಿನಲ್ಲಿ ಕಣಕ್ಕೆ ಬರುತ್ತದೆ. ರೈತನ ಕೈಯಲ್ಲಿ ಕಾಳುಕಡಿ ಇರುವುದು, ಕೇಳಲು ಬಿಡುವಿರುವುದು ಆಗಲೇ. ಅಲ್ಲಿಂದ ಯುಗಾದಿಯವರೆಗಿನ ಸುಗ್ಗಿ ಮತ್ತು ಜಾತ್ರೆಗಳ ಕಾಲ ಹಾಡುಗಾರರ ದುಡಿಮೆಯ ಕಾಲ. ಶ್ರಾವಣದಲ್ಲಿ ಮುರಡಿ, ನೇಮಕಲ್ಲು, ಕಸಾಪುರಗಳ ಆಂಜನೇಯ ಕ್ಷೇತ್ರಗಳಿಗೆ ಎರಡೂ ರಾಜ್ಯಗಳ ಭಕ್ತರು ಸೇರುವುದರಿಂದ ನಡುವೆ ಇನ್ನೊಂದು ಸಣ್ಣ ಸುತ್ತು ದೊರೆಯುತ್ತದೆ. ಸಂಭಾವನೆ ಹೆಚ್ಚಾಗಿ ಧಾನ್ಯರೂಪದ್ದು, ಜೊತೆಗೆ ಹಳೆಯ ಬಟ್ಟೆ, ಒಂದಿಷ್ಟು ಚಿಲ್ಲರೆ ಹಣ. ಮಳೆ ಕೈಕೊಟ್ಟ ವರ್ಷ ರೈತನ ಕಣ ಬರಿದಾದರೆ ಹಾಡುಗಾರರ ಜೋಳಿಗೆಯೂ ಬರಿದು. ಬರಗಾಲದ ಹೊಡೆತವನ್ನು ಕೃಷಿಯ ಲೆಕ್ಕದಲ್ಲಷ್ಟೇ ಅಳೆಯುವವರ ಗಮನಕ್ಕೆ ಈ ನಷ್ಟ ಬರುವುದಿಲ್ಲ.

ಈ ಬಗೆಯ ಬದುಕಿನ ಅತ್ಯಂತ ಪ್ರಸಿದ್ಧ ನಿದರ್ಶನ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ. ಬುಡ್ಗ ಜಂಗಮ ಸಮುದಾಯದಲ್ಲಿ 1930ರಲ್ಲಿ ಹುಟ್ಟಿದ ಆಕೆ ಬಾಲ್ಯದಲ್ಲಿಯೇ ತಂದೆ ಲಾಲಪ್ಪನವರಿಂದ ಬುರ್ರಕಥೆಯನ್ನು ಕಲಿತು, ಹೆತ್ತವರೊಡನೆ ಹಳ್ಳಿಹಳ್ಳಿ ಸುತ್ತಿದರು. ಮುಂದೆ ತಂಗಿ ಶಿವಮ್ಮ ಮತ್ತು ನಾದಿನಿ ಪಾರ್ವತಮ್ಮ ಹಿಮ್ಮೇಳಕ್ಕೆ ನಿಂತರು. ಅಕ್ಷರ ಕಲಿಯದ ಈರಮ್ಮನವರ ನೆನಪಿನಲ್ಲಿ ಹನ್ನೆರಡು ಕಾವ್ಯಗಳಿದ್ದವು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಅವುಗಳಲ್ಲಿ ಕೆಲವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವುಗಳಲ್ಲಿ ಹಲವನ್ನು ಸಂಗ್ರಹಿಸಿ ಪ್ರಕಟಿಸಿತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2003ರಲ್ಲಿ ನಾಡೋಜ ಗೌರವವೂ ಅವರಿಗೆ ಸಂದವು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ಬುಡ್ಗ ಜಂಗಮರ ಮನೆಮಾತು ತೆಲುಗು. ಈರಮ್ಮನವರು ಕನ್ನಡ ಜಾನಪದಕ್ಕೆ ಬಿಟ್ಟುಹೋದ ಸಂಪತ್ತು ಕನ್ನಡದ್ದು. ಗಡಿನಾಡಿನ ತಿರುಗಾಟವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಬಾಲನಾಗಮ್ಮನ ಕಥೆ ತೆಲುಗಿನಲ್ಲಿಯೂ ಮನೆಮಾತಾದದ್ದು. 1942ರಲ್ಲಿಯೇ ಅದು ತೆಲುಗು ಚಲನಚಿತ್ರವಾಗಿತ್ತು. ಕುಮಾರರಾಮನ ಕಥೆಯೂ ಎರಡೂ ಭಾಷೆಗಳಿಗೆ ಸೇರಿದೆ. ಕಥೆಯ ಚೌಕಟ್ಟು, ಮರುಕಳಿಸುವ ವರ್ಣನೆಗಳು, ಪಲ್ಲವಿಯ ಲಯ ಇವು ಹಾಡುಗಾರರ ಸ್ಥಿರ ಬಂಡವಾಳ. ಮಾತಿನ ಭಾಗವಾದರೋ ಕೇಳುವ ಊರಿನ ನುಡಿಗೆ ಒಗ್ಗಿಕೊಳ್ಳುತ್ತದೆ. ಆದ್ದರಿಂದ ಇಲ್ಲಿನ ದ್ವಿಭಾಷಿಕತೆಯನ್ನು ಎರಡು ಪ್ರತ್ಯೇಕ ಪಠ್ಯಗಳ ಕಲಿಕೆ ಎನ್ನುವುದಕ್ಕಿಂತ ಒಂದೇ ಕಥನವನ್ನು ಎರಡು ಸಭೆಗಳಿಗೆ ಹೊಂದಿಸುವ ವೃತ್ತಿಕೌಶಲ ಎನ್ನುವುದು ಸೂಕ್ತ.

ತೊಗಲುಗೊಂಬೆಯವರಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕರ್ನಾಟಕದಲ್ಲಿ ಕಿಳ್ಳೇಕ್ಯಾತರೆಂದು ಕರೆಯಲಾಗುವ ಸಮುದಾಯದ ಮನೆಮಾತು ಮರಾಠಿಗೆ ಹತ್ತಿರದ್ದು. ಆಟ ಆಡುವುದು ಕನ್ನಡದಲ್ಲಿ. ಅನಂತಪುರ ಸೀಮೆಯ ನಿಮ್ಮಲಕುಂಟದಲ್ಲಿ ಅದೇ ಕಲೆ ತೆಲುಗಿನಲ್ಲಿ ನಡೆಯುತ್ತದೆ. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ಕಥೆಯ ಭಾಷೆಯನ್ನು ಮನೆಮಾತು ನಿರ್ಧರಿಸುವುದಿಲ್ಲ, ಸುತ್ತುವ ದಾರಿ ನಿರ್ಧರಿಸುತ್ತದೆ ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ.

ಮಡಕಶಿರದ ಕಡೆ ತಿರುಗಾಟದ ಸ್ವರೂಪ ಬೇರೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇಲ್ಲಿಯ ಅಮರಾಪುರಂ ಮಂಡಲದಲ್ಲಿದೆ. ಅದರ ಸುತ್ತಿನ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ದಿನಬಳಕೆಯ ನುಡಿ. ಈ ಸೀಮೆಯಿಂದ ಶಿರಾ, ಹಿರಿಯೂರುಗಳವರೆಗೆ ಹರಡಿರುವ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯವನ್ನು ಗಣೆ ಎಂಬ ಉದ್ದನೆಯ ಬಿದಿರಿನ ವಾದ್ಯದೊಡನೆ ಹಾಡುತ್ತಾರೆ. ಬುರ್ರಕಥೆಯವರಿಗೆ ಯಾವ ಊರಾದರೂ ಸಭೆಯೇ. ಗಣೆಯ ಹಾಡುಗಾರರಿಗೆ ದಾರಿ ತೋರುವುದು ಭಕ್ತಿ ಮತ್ತು ಕುಲದ ಸಂಬಂಧ. ಹಟ್ಟಿಯಿಂದ ಹಟ್ಟಿಗೆ ಅವರ ಪಯಣ. ಅಲ್ಲಿ ಕೇಳುಗರು ಕಥೆಯನ್ನು ಮೊದಲೇ ಬಲ್ಲವರಾದ್ದರಿಂದ ಹಾಡಿನ ಕನ್ನಡ ಬದಲಾಗುವ ಪ್ರಸಂಗವೇ ಬರುವುದಿಲ್ಲ. ಒಂದೇ ಗಡಿನಾಡಿನಲ್ಲಿ ಒಂದು ದಾರಿ ಎರಡು ಭಾಷೆಗಳನ್ನು ಬೆಳೆಸಿದರೆ ಇನ್ನೊಂದು ದಾರಿ ಒಂದು ಭಾಷೆಯನ್ನು ಕಾಪಾಡಿದೆ.

ಈಗ ಈ ದಾರಿಗಳ ಮೇಲೆ ಇನ್ನೊಂದು ಬಗೆಯ ತಿರುಗಾಟ ಬಂದು ಕೂತಿದೆ. ಅದು ಉತ್ಸವಗಳ ತಿರುಗಾಟ. ಹಂಪಿ ಉತ್ಸವದಂಥ ಸರ್ಕಾರಿ ವೇದಿಕೆಗಳು ಕಲಾವಿದರಿಗೆ ಗೌರವವನ್ನೂ ಪ್ರಯಾಣ ವೆಚ್ಚವನ್ನೂ ನಿಗದಿತ ಸಂಭಾವನೆಯನ್ನೂ ಕೊಡುತ್ತವೆ. ಹೊಲದ ಬೆಳೆಯನ್ನೇ ನಂಬಿದ್ದವರಿಗೆ ಇದು ಸಣ್ಣ ಆಸರೆಯಲ್ಲ. ಆದರೆ ವೇದಿಕೆಯಲ್ಲಿ ದೊರೆಯುವ ಸಮಯ ಕೆಲವೇ ನಿಮಿಷ. ರಾತ್ರಿಯಿಡೀ, ಒಮ್ಮೊಮ್ಮೆ ಹಲವು ರಾತ್ರಿ ಹಾಡುವ ಕಾವ್ಯದಿಂದ ಅಷ್ಟರಲ್ಲಿ ಒಂದು ತುಣುಕನ್ನು ಮಾತ್ರ ಎತ್ತಿ ತೋರಿಸಬಹುದು. ಹೆಚ್ಚು ಬೇಡಿಕೆಯಿರುವುದು ಆರಂಭದ ಸ್ತುತಿಗೆ ಮತ್ತು ರಭಸದ ಲಯಕ್ಕೆ. ಕಿರಿಯರು ಕಲಿಯುವುದು ವೇದಿಕೆಗೆ ಬೇಕಾದಷ್ಟನ್ನೇ ಆದ್ದರಿಂದ, ಕಥೆಯ ನಡುಭಾಗ ಮೊದಲು ಮರೆಯಾಗುತ್ತದೆ. ಊರಿನ ಭಾಷೆಗೆ ತಕ್ಕಂತೆ ಮಾತು ಹೊಂದಿಸುವ ಕೌಶಲ ಬೆಳೆಯುತ್ತಿದ್ದದ್ದೂ ಆ ನಡುಭಾಗದಲ್ಲಿಯೇ.

ಉತ್ಸವದ ತಿರುಗಾಟಕ್ಕೆ ಕಾಗದಪತ್ರವೂ ಬೇಕು: ವಿಳಾಸದ ದಾಖಲೆ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ. ಹಾಡುಗಾರರ ಪಾಲಿಗೆ ಗಡಿ ನಿಜವಾಗಿ ಗೋಡೆಯಾಗುವುದು ಇಲ್ಲಿ. ಬುಡ್ಗ ಜಂಗಮರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು. ಅವಿಭಜಿತ ಆಂಧ್ರಪ್ರದೇಶದ ಪಟ್ಟಿಗೆ 2002ರ ಶಾಸನಗಳ ಮೂಲಕ ಬಂದ ತಿದ್ದುಪಡಿ ಈ ಸಮುದಾಯದ ಮಾನ್ಯತೆಯನ್ನು ಹೈದರಾಬಾದ್, ಮೆಹಬೂಬ್‌ನಗರ ಮೊದಲಾದ ತೆಲಂಗಾಣದ ಜಿಲ್ಲೆಗಳಿಗೆ ಸೀಮಿತಗೊಳಿಸಿತು. ಅನಂತಪುರ ಅದರ ಹೊರಗುಳಿಯಿತು. ಹೀಗಾಗಿ ಒಂದೇ ಕಥೆಯನ್ನು ಒಂದೇ ದಾರಿಯಲ್ಲಿ ಹಾಡುತ್ತ ಬಂದ ಬಳಗದಲ್ಲಿ ಬಳ್ಳಾರಿಯ ಕಡೆ ನೆಲೆಸಿದವರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನ ಮತ್ತು ಮೀಸಲಾತಿ ರಾಯದುರ್ಗದ ಕಡೆ ನೆಲೆಸಿದವರ ಮಕ್ಕಳಿಗೆ ಅದೇ ರೂಪದಲ್ಲಿ ಸಿಗುವುದಿಲ್ಲ. ಕನ್ನಡದಲ್ಲಿ ಹಾಡುವ, ತೆಲುಗು ಮನೆಮಾತಿನ, ಆಂಧ್ರದಲ್ಲಿ ವಾಸಿಸುವ ಕಲಾವಿದೆಯೊಬ್ಬಳು ಕರ್ನಾಟಕದ ಕಚೇರಿಗೆ ಹೊರರಾಜ್ಯದವಳು. ಆಂಧ್ರದ ಕಚೇರಿಗೆ ಅವಳ ಹಾಡು ಹೊರಭಾಷೆಯದು.

ಅಧ್ಯಯನ ಸಂಸ್ಥೆಗಳ ಹೊಣೆ ಇಲ್ಲಿಂದ ಮೊದಲಾಗುತ್ತದೆ. ಈವರೆಗಿನ ಸಂಗ್ರಹಗಳು ಹೆಚ್ಚಾಗಿ ಕಾವ್ಯದ ಪಠ್ಯವನ್ನು, ಹಾಡಿದವರ ಹೆಸರು ಮತ್ತು ಊರನ್ನು ದಾಖಲಿಸಿವೆ. ಅದಕ್ಕೆ ದಾರಿಯ ದಾಖಲೆಯೂ ಸೇರಬೇಕು: ಮೇಳವೊಂದು ಒಂದು ವರ್ಷದಲ್ಲಿ ಕಂಡ ಊರುಗಳ ಅನುಕ್ರಮ, ಪ್ರತಿ ಊರಿನಲ್ಲಿ ಹಾಡಿದ ಕಥೆ, ಬಳಸಿದ ಭಾಷೆ, ಹಾಡು ನಡೆದ ಅವಧಿ, ದೊರೆತ ಸಂಭಾವನೆ. ಒಂದೇ ಹಾಡುಗಾರರಿಂದ ಒಂದೇ ಪ್ರಸಂಗವನ್ನು ಗಡಿಯ ಎರಡೂ ಬದಿಯ ಸಭೆಗಳಲ್ಲಿ ಧ್ವನಿಮುದ್ರಿಸಿದರೆ ಭಾಷಾಸಂಪರ್ಕವನ್ನು ಅಭ್ಯಸಿಸುವವರಿಗೆ ಬೇರೆಲ್ಲೂ ಸಿಗದ ಸಾಮಗ್ರಿ ದೊರೆಯುತ್ತದೆ. ಕನ್ನಡ ಮತ್ತು ತೆಲುಗು ಎರಡನ್ನೂ ಬಲ್ಲ ಸಂಶೋಧಕರು ಮಾತ್ರ ಮಾಡಬಲ್ಲ ಕೆಲಸ ಇದು. ಜೊತೆಗೆ ಇಂಥ ದಾಖಲೆಗೆ ಕಚೇರಿಯಲ್ಲಿಯೂ ಬೆಲೆಯುಂಟು: ವಾಸದ ವಿಳಾಸವನ್ನಷ್ಟೇ ಕೇಳುವ ಅರ್ಜಿಯ ಮುಂದೆ, ತಲೆಮಾರುಗಳಿಂದ ಎರಡೂ ರಾಜ್ಯಗಳ ಊರುಗಳಿಗೆ ಹಾಡುತ್ತ ಬಂದ ಕುಟುಂಬವೊಂದು ತನ್ನ ದುಡಿಮೆಯನ್ನು ಸಾಬೀತುಪಡಿಸಲು ಅದನ್ನು ಮುಂದಿಡಬಹುದು.