ಹೊರನಾಡು, ಗಡಿನಾಡು, ಅಲ್ಪಸಂಖ್ಯಾತ: ಒಂದು ಸಮುದಾಯದ ಹೆಸರಿನ ಪ್ರಶ್ನೆ

ಕರ್ನಾಟಕದ ಎಲ್ಲೆಯಾಚೆ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಿಗೆ ಮೂರು ಹೆಸರುಗಳು ಬಳಕೆಯಲ್ಲಿವೆ: ಹೊರನಾಡ ಕನ್ನಡಿಗರು, ಗಡಿನಾಡ ಕನ್ನಡಿಗರು, ಭಾಷಾ ಅಲ್ಪಸಂಖ್ಯಾತರು. ಸಂಘಗಳ ಫಲಕಗಳಲ್ಲಿಯೂ ಮನವಿಪತ್ರಗಳಲ್ಲಿಯೂ ಇವು ಒಂದರ ಬದಲಿಗೆ ಒಂದು ಬರುವುದುಂಟು. ಆದರೆ ಇವು ಸಮಾನಾರ್ಥಕಗಳಲ್ಲ. ಯಾರ ಮುಂದೆ ಏನನ್ನು ಕೇಳಬಹುದೆಂಬುದು ಹೆಸರಿನೊಡನೆಯೇ ಬದಲಾಗುತ್ತದೆ.

'ಹೊರನಾಡು' ಎಂಬುದು ಉದ್ಯೋಗಕ್ಕಾಗಿ ಮುಂಬಯಿ, ದೆಹಲಿಗಳಿಗೆ ಹೋದವರಿಗೆ ಒಪ್ಪುವ ಮಾತು. ಅದರಲ್ಲಿ ಊರು ಬಿಟ್ಟು ಹೊರಟ ಧ್ವನಿಯಿದೆ. ಆದೋನಿ, ಆಲೂರು, ರಾಯದುರ್ಗಗಳ ಕನ್ನಡಿಗರು ಎಲ್ಲಿಗೂ ಹೊರಟವರಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆ ಮೂರು ತಾಲ್ಲೂಕುಗಳೇ ಆಂಧ್ರ ರಾಜ್ಯಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡಿಗೂ ಆದದ್ದು ಇದೇ. ಸರಿದದ್ದು ಗೆರೆ, ಜನರಲ್ಲ. 'ಗಡಿನಾಡು' ಇದಕ್ಕಿಂತ ವಾಸಿ, ನೆಲದ ನೆನಪನ್ನಾದರೂ ಉಳಿಸಿಕೊಂಡಿದೆ. ಆದರೆ ಬೆಳಗಾವಿ, ಚಾಮರಾಜನಗರಗಳ ಅಂಚಿನವರೂ ಗಡಿನಾಡವರೇ ಆದ್ದರಿಂದ ಗೆರೆಯ ಈಚೆಯವರ ಮತ್ತು ಆಚೆಯವರ ಕಷ್ಟಗಳು ಆ ಪದದಲ್ಲಿ ಬೆರೆತುಹೋಗುತ್ತವೆ. ಮೇಲಾಗಿ, ಈ ಎರಡೂ ಹೆಸರುಗಳ ಮುಖ ಬೆಂಗಳೂರಿನ ಕಡೆಗಿದೆ. ಅಲ್ಲಿಂದ ಅನುದಾನ ದೊರೆಯಬಹುದು. ಶಾಲೆಗೆ ಶಿಕ್ಷಕರನ್ನು ನೇಮಿಸಬೇಕಾದದ್ದು ತಿರುವನಂತಪುರ, ಮುಂಬಯಿ, ಚೆನ್ನೈಗಳು.

ಅವುಗಳ ಮುಂದೆ ನಿಲ್ಲುವ ಹೆಸರು 'ಭಾಷಾ ಅಲ್ಪಸಂಖ್ಯಾತ' ಎಂಬುದೊಂದೇ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಅಂಥ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಹೇಳುತ್ತದೆ. ಯಾರು ಅಲ್ಪಸಂಖ್ಯಾತರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನಿರ್ಣಯಿಸಬೇಕೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಹೇಳಿತು. ಹೀಗಾಗಿ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆಮನೆಯ ಮಾತೂ ಕನ್ನಡವೇ ಆಗಿದ್ದರೂ ಕಾನೂನಿನ ಕಣ್ಣಿಗೆ ಅಲ್ಲಿಯವರು ಅಲ್ಪಸಂಖ್ಯಾತರು. ತಮ್ಮ ಊರಿನಲ್ಲೇ ಹಾಗೆನಿಸಿಕೊಳ್ಳಲು ಹಿರಿಯರು ಹಿಂಜರಿದರೆ ಅದು ಸಹಜವೇ.

ತೊಡಕು ಬೇರೆಡೆ ಇದೆ. ವಿಧಿಯ ಪದ 'ಮಾತೃಭಾಷೆ'. ಕಾಸರಗೋಡಿನಲ್ಲಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತ ಶಾಲೆ, ಯಕ್ಷಗಾನ, ಪತ್ರವ್ಯವಹಾರಗಳನ್ನು ಕನ್ನಡದಲ್ಲಿ ನಡೆಸುವವರು ಬಹಳ. ಜನಗಣತಿಯಲ್ಲಿ ಅವರು ಕನ್ನಡದ ಲೆಕ್ಕಕ್ಕೆ ಸಿಗುವುದಿಲ್ಲ. ನೀಲಗಿರಿಯಲ್ಲಿ ಇದು ತಿರುವುಮುರುವು: 'ಬಡಗಣವರು' ಎಂಬ ಅರ್ಥದ ಹೆಸರನ್ನು ಹೊತ್ತ ಬಡಗರ ನುಡಿಯನ್ನು ಜನಗಣತಿ ಕನ್ನಡದಡಿ ಎಣಿಸುತ್ತದೆ, ಅದು ಸ್ವತಂತ್ರ ಭಾಷೆಯೆಂಬ ವಾದ ಬಲವಾಗಿದ್ದರೂ. ಆದುದರಿಂದ ಕಾಸರಗೋಡಿನ ಸಂಘವೊಂದು 'ಕನ್ನಡ ಭಾಷಾ ಅಲ್ಪಸಂಖ್ಯಾತರು' ಎಂದು ಕರೆದುಕೊಳ್ಳುವಾಗ, ಕನ್ನಡವನ್ನು ಓದುಬರಹದ ಭಾಷೆಯಾಗಿ ಉಳ್ಳವರೆಲ್ಲರೂ ಅದರಲ್ಲಿ ಸೇರಿದ್ದಾರೆಂದು ನಿಯಮಾವಳಿಯ ಮೊದಲ ಕಲಮಿನಲ್ಲೇ ಬರೆದಿಡುವುದು ಲೇಸು. ಇಲ್ಲವಾದರೆ ಕನ್ನಡ ಶಾಲೆಯ ಮಕ್ಕಳನ್ನು ಎಣಿಸಲು ಬಂದ ಅಧಿಕಾರಿಗೆ ಮನೆಮಾತನ್ನು ಕೇಳಿ ಅರ್ಧ ತರಗತಿಯನ್ನು ಪಟ್ಟಿಯಿಂದ ಬಿಡಲು ಅವಕಾಶವಿರುತ್ತದೆ.