ರೂಟ್ ಕೆನಾಲ್ ಆದ ಹಲ್ಲು ಮತ್ತೆ ನೋಯ್ತಿದ್ಯಾ? ಬೇರು ಸೀಳಿರಬಹುದು

ರೂಟ್ ಕೆನಾಲ್ ಮಾಡಿಸಿ, ಕ್ಯಾಪ್ ಹಾಕಿಸಿ ವರ್ಷಗಳೇ ಆಗಿವೆ. ಈಗ ಕಚ್ಚಿದ್ರೆ ನೋವು, ವಸಡಿನಲ್ಲಿ ಕೀವಿನ ಗುಳ್ಳೆ. ಎಕ್ಸ್‌ರೇ ತೆಗೆಸಿದ್ರೆ ಬಿರುಕೇ ಕಾಣಲ್ಲ. ಯಾಕೆ?

ಬೇರಿನ ಉದ್ದಕ್ಕೂ ಬಿಡುವ ಈ ಸೀಳು ಕೂದಲೆಳೆಯಷ್ಟು ಸಣ್ಣದು. ಕಿರಣ ಸೀಳಿನ ನೇರಕ್ಕೇ ಹಾದುಹೋದರೆ ಮಾತ್ರ ಗೆರೆ ಕಾಣುತ್ತೆ. ಸಿಬಿಸಿಟಿ, ಅಂದರೆ 3ಡಿ ಸ್ಕ್ಯಾನ್ ಮಾಡಿಸಿದ್ರೆ? ಅಲ್ಲೂ ತೊಡಕಿದೆ. ಬೇರಿನೊಳಗೆ ತುಂಬಿದ ಗಟಾಪರ್ಚಾ, ಲೋಹದ ಪೋಸ್ಟ್ ಚಿತ್ರದಲ್ಲಿ ಸುಳ್ಳು ಗೆರೆಗಳನ್ನು ಮೂಡಿಸುತ್ತವೆ.

ಅದಕ್ಕೇ ಡಾಕ್ಟರು ಪ್ರೋಬ್ ಅನ್ನೋ ಸಣ್ಣ ಅಳತೆಕಡ್ಡಿಯಿಂದ ವಸಡಿನ ಸುತ್ತ ಅಳೀತಾರೆ. ಎಲ್ಲ ಕಡೆ 2–3 ಮಿಲಿಮೀಟರ್ ಇದ್ದು, ಒಂದೇ ಜಾಗದಲ್ಲಿ ಕಡ್ಡಿ ಥಟ್ಟನೆ ಆಳಕ್ಕಿಳಿದರೆ ಸೀಳಿನ ಅನುಮಾನ ಬಲವಾಗುತ್ತೆ. ಖಚಿತವಾಗಬೇಕಾದರೆ ವಸಡು ಬಿಡಿಸಿ, ಬಣ್ಣ ಹಚ್ಚಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು.

ಇಷ್ಟೆಲ್ಲ ಯಾಕಂದ್ರೆ, ಬರೀ ಸೋಂಕಾಗಿದ್ರೆ ಮರುಚಿಕಿತ್ಸೆಯಿಂದ ಹಲ್ಲು ಉಳಿಯಬಹುದು. ಒಂದೇ ಬೇರಿನ ಹಲ್ಲು ಉದ್ದಕ್ಕೆ ಸೀಳಿದ್ರೆ ಸಾಮಾನ್ಯವಾಗಿ ಕೀಳಲೇಬೇಕು. ತಡಮಾಡಿದಷ್ಟೂ ಸುತ್ತಲಿನ ಮೂಳೆ ಕರಗುತ್ತೆ. ಮುಂದೆ ಇಂಪ್ಲಾಂಟ್ ಕೂರಿಸೋಕೆ ಆ ಮೂಳೆಯೇ ಬೇಕು. ಹಾಗಾಗಿ ಆಂಟಿಬಯೋಟಿಕ್ ನುಂಗುತ್ತಾ ಕೂರಬೇಡಿ. "ವಸಡಿನ ಆಳ ಅಳೆದು ನೋಡ್ತೀರಾ ಡಾಕ್ಟ್ರೇ?" ಅಂತ ಕೇಳಿ.