ಹೊಳೆ ಬಂದಾಗ ಹರಿಗೋಲು

ನೀವು ಹರಿಗೋಲು ಹತ್ತಿದ್ದೀರಾ? ಅದು ದೊಡ್ಡ ಬುಟ್ಟಿಯಂಥ ದೋಣಿ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಕೆಲವರು ತೆಪ್ಪ ಅಂತಾರೆ.

ನಾವು ತಳಕಲ್ ಕಡೆಯವರು. ನಮ್ಮ ಕಡೆ ದೊಡ್ಡ ಹೊಳೆ ಇಲ್ಲ. ಮಳೆ ಬಂದರೆ ಬೆಳೆ, ಇಲ್ಲವಾದರೆ ಇಲ್ಲ. ಹೀಗಾಗಿ ನೀರು ಕಂಡರೆ ನಮಗೆ ಬಲು ಆಸೆ. ಒಂದು ಶ್ರಾವಣದಲ್ಲಿ ಏಳು ಜನ ಸೇರಿ ಹಂಪಿಗೆ ಹೊರಟೆವು. ರೊಟ್ಟಿ ಕಟ್ಟಿಕೊಂಡು ತಳಕಲ್ಲಿನಲ್ಲಿ ರೈಲು ಹತ್ತಿದೆವು. ಕೊಪ್ಪಳ, ಗಿಣಿಗೇರಾ, ಮುನಿರಾಬಾದ್ ದಾಟಿದವು. ಆಮೇಲೆ ತುಂಗಭದ್ರಾ ಸೇತುವೆ ಬಂತು. ಕೆಳಗೆ ಕೆಂಪು ನೀರು ಹರಿಯುತ್ತಿತ್ತು. "ಆಹಾ, ಎಷ್ಟು ನೀರು!" ಎಂದು ಖುಷಿಪಟ್ಟೆವು. ಹೊಸಪೇಟೆಯಲ್ಲಿ ಇಳಿದು ಬಸ್ಸು ಹಿಡಿದೆವು.

ಹಂಪಿಯಲ್ಲಿ ಹೊಳೆ ಬಂಡೆಗಳ ನಡುವೆ ಹರಿಯುತ್ತದೆ. ಎರಡೂ ಕಡೆ ಗುಂಡುಕಲ್ಲಿನ ಗುಡ್ಡಗಳು. ಚಕ್ರತೀರ್ಥದ ಹತ್ತಿರ ಹೊಳೆ ತಿರುವು ತೆಗೆದುಕೊಳ್ಳುತ್ತದೆ. ಹರಿಗೋಲಿನವರು ಜನರನ್ನು ಕೂರಿಸಿಕೊಂಡು ಅದನ್ನೆಲ್ಲ ತೋರಿಸುತ್ತಾರೆ. ಬಂಡೆಯ ಮೇಲೆ ಕೆತ್ತಿದ ಲಿಂಗಗಳನ್ನೂ ತೋರಿಸುತ್ತಾರೆ. ಅದನ್ನು ನೋಡಲಿಕ್ಕೇ ನಾವು ಹೋಗಿದ್ದು.

ದಂಡೆಯಲ್ಲಿ ಜಿಟಿಜಿಟಿ ಮಳೆ, ಜೋರು ಗಾಳಿ. ಹರಿಗೋಲುಗಳೆಲ್ಲ ಬೋರಲಾಗಿ ಬಿದ್ದಿದ್ದವು. ಒಬ್ಬ ಅಂಬಿಗ ಮಾತ್ರ ಅಲ್ಲಿ ಕೂತಿದ್ದ.

"ಇವತ್ತ ಆಗಂಗಿಲ್ರಿ. ಹೊಳಿ ಬಂದೈತಿ" ಅಂದ.

"ಮಳೆ ಜೋರಿಲ್ಲವಲ್ಲ?" ಅಂದೆವು.

"ಇಲ್ಲಿ ಮಳಿ ನೋಡಬ್ಯಾಡ್ರಿ. ಮ್ಯಾಲಿನ ಮಳಿ ನೋಡ್ರಿ."

ಅವನ ಮಾತು ನಿಜ. ತುಂಗೆ, ಭದ್ರೆ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಎರಡೂ ಸೇರಿ ತುಂಗಭದ್ರೆ ಆಗುತ್ತದೆ. ಮಲೆನಾಡಿನಲ್ಲಿ ಸುರಿದ ಮಳೆ ನಮ್ಮ ಅಣೆಕಟ್ಟಿಗೆ ಬರುತ್ತದೆ. ಅಣೆಕಟ್ಟಿಗೆ 33 ಗೇಟುಗಳಿವೆ. ಅದು ತುಂಬಿದ ಮೇಲೂ ನೀರು ಬರುತ್ತಲೇ ಇದ್ದರೆ ಗೇಟು ತೆರೆಯಲೇಬೇಕು. ಹಂಪಿ ಇರುವುದು ಅಣೆಕಟ್ಟಿನ ಕೆಳಗೆ. ಹಂಪಿಯಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಕೆಲವೇ ತಾಸಿನಲ್ಲಿ ಏರಬಹುದು.

ರೇಡಿಯೋದಲ್ಲಿ "ಒಂದು ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದಾರೆ" ಅನ್ನುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಎರಡು ಕೊಡದಷ್ಟು ಅನ್ನಿ. ಒಂದು ಲಕ್ಷ ಕ್ಯೂಸೆಕ್ ಅಂದರೆ? ಕಣ್ಣು ಮಿಟುಕಿಸಿ ತೆರೆಯುವುದರಲ್ಲಿ ಲಕ್ಷಗಟ್ಟಲೆ ಕೊಡ ನೀರು ಮುಂದೆ ಹೋಗಿರುತ್ತದೆ.

ಹರಿಗೋಲು ಬಿದಿರಿನಿಂದ ಹೆಣೆದದ್ದು. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಸುಮಾರು 500 ವರ್ಷಗಳ ಹಿಂದೆ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಆನೆಗೊಂದಿಗೆ ದಾಟುವ ಜನ ಬುಟ್ಟಿಯಂಥ ದೋಣಿ ಹತ್ತುತ್ತಾರೆ, ಅದು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಈಗಲೂ ಹಾಗೇ. ತಳ ಚಪ್ಪಟೆ ಇರುವುದರಿಂದ ಕಡಿಮೆ ನೀರಲ್ಲೂ ತೇಲುತ್ತದೆ. ಅದು ಅದರ ಗುಣ. ಸೆಳವು ಜೋರಾದರೆ ಒಂದೇ ಹುಟ್ಟಿನಿಂದ ಹಿಡಿತಕ್ಕೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಕಾಣುವ ಬಂಡೆಗಳು ಆಗ ನೀರೊಳಗೆ ಅಡಗಿರುತ್ತವೆ. ಬಂಡೆಗೆ ತಾಗಿದರೆ ಜನ ಗಾಬರಿಯಿಂದ ಏಳುತ್ತಾರೆ. ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಹರಿಗೋಲು ಮಗುಚುತ್ತದೆ.

2019ರ ಆಗಸ್ಟ್‌ನಲ್ಲಿ ಎದುರಿನ ವಿರೂಪಾಪುರ ಗಡ್ಡೆಯನ್ನು ನೀರು ಸುತ್ತುವರಿಯಿತು. ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ತರಲು ಹೋದ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿತು! ಆ ಸಿಬ್ಬಂದಿಯನ್ನು ಹೆಲಿಕಾಪ್ಟರ್ ಬಂದು ಎತ್ತಿತು.

ಇದೆಲ್ಲ ಅಂದು ನಮ್ಮ ತಲೆಗೆ ಹೋಗಲಿಲ್ಲ. ರೈಲಿಗೆ, ಬಸ್ಸಿಗೆ ಖರ್ಚು ಮಾಡಿದ್ದೆವು. ನಮ್ಮಲ್ಲೊಬ್ಬರು "ಎರಡು ಪಟ್ಟು ಕೊಡ್ತೀವಿ, ನಡಿ" ಅಂದರು.

ಅಂಬಿಗ ನಕ್ಕ. "ಎಂಟು ದಿನ ಆತ್ರಿ, ಒಂದ್ ರೂಪಾಯಿ ಕಂಡಿಲ್ಲ. ಆದ್ರೂ ಒಲ್ಲೆ."

ನಮಗೆ ನಾಚಿಕೆ ಆಯಿತು. ನಮ್ಮ ರೊಟ್ಟಿಯಲ್ಲಿ ಅವನಿಗೂ ಕೊಟ್ಟೆವು. ಪುರಂದರ ಮಂಟಪದ ಕಂಬಗಳ ನಡುವೆ ನೀರು ನುಗ್ಗುವುದನ್ನು ದೂರದಿಂದ ನೋಡಿ ಊರಿಗೆ ಬಂದೆವು.

ಸಂಕ್ರಾಂತಿ ಮುಗಿದ ಮೇಲೆ ಮತ್ತೆ ಹೋದೆವು. ಹೊಳೆ ಇಳಿದಿತ್ತು, ನೀರು ತಿಳಿಯಾಗಿತ್ತು. ಅದೇ ಅಂಬಿಗ ಸಿಕ್ಕ. ನಮ್ಮನ್ನು ಎಣಿಸಿದ. ಎಲ್ಲರಿಗೂ ಜಾಕೆಟ್ ತೊಡಿಸಿ, ಅತ್ತ ಇತ್ತ ಸಮನಾಗಿ ಕೂರಿಸಿದ. "ಎದ್ದು ನಿಂತ್ರ ವಾಪಸ್ ದಂಡಿಗೆ" ಅಂದ. ನಡು ಹೊಳೆಯಲ್ಲಿ ಒಮ್ಮೆ ಬುಗುರಿಯಂತೆ ತಿರುಗಿಸಿದ. ನಾವು ಕೂಗಿಕೊಂಡೆವು.

ಆಮೇಲೆ ಒಂದು ಬಂಡೆಯ ಹತ್ತಿರ ನಿಲ್ಲಿಸಿದ. ಹುಟ್ಟು ಎತ್ತಿ ಮೇಲೆ ತೋರಿಸಿದ. ನಮ್ಮ ತಲೆಗಿಂತ ಎಷ್ಟೋ ಎತ್ತರದಲ್ಲಿ ಕಲ್ಲಿನ ಸಂದಿಗೆ ಕಸಕಡ್ಡಿ ಸಿಕ್ಕಿಕೊಂಡಿತ್ತು.

"ಶ್ರಾವಣದಾಗ ಹೊಳಿ ಅಲ್ಲಿತ್ತು ನೋಡ್ರಿ" ಅಂದ.